ಟಾರ್ಕ್ ಮಿತಿಯೊಳಗೇ ಇತ್ತು

ನಮ್ಮ ಪ್ಯಾಕಿಂಗ್ ಹಾಲ್‌ನಲ್ಲಿ ಮೂವತ್ತು ವರ್ಷ ಕ್ಯಾಪಿಂಗ್ ಮಷೀನ್ ಓಡಿಸಿ ನಿವೃತ್ತರಾದವರೊಬ್ಬರು, ಅದೇ ಮಷೀನ್ ಮುಚ್ಚಿದ ಮಾತ್ರೆ ಡಬ್ಬಿಯನ್ನು ತೆಗೆಯಲಾಗದೆ ನನ್ನೆದುರು ಒದ್ದಾಡಿದರು. ಅದನ್ನು ಹಾಗೆ ಬಿಗಿ ಮಾಡಿಸಿದ್ದವನು ನಾನು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಶುರುವಾಗಿದ್ದು ಸೀಲ್‌ನಿಂದ. 38 ಮಿ.ಮೀ. ಮುಚ್ಚಳ, ಮಕ್ಕಳು ತೆಗೆಯದಿರಲೆಂದು ಒತ್ತಿ ತಿರುಗಿಸುವಂಥದ್ದು. ಡಬ್ಬಿಯ ಬಾಯಿಗೆ ಬಿಸಿಯಿಂದ ಅಂಟಿಸುವ ಹಾಳೆ, ಇಂಡಕ್ಷನ್ ಸೀಲ್, ಅಂಚಿನಲ್ಲಿ ಸರಿಯಾಗಿ ಹಿಡಿಯದೆ ಎರಡು ಬ್ಯಾಚ್ ಲೀಕ್ ಟೆಸ್ಟ್‌ನಲ್ಲಿ ಬಿದ್ದವು. ಬಿಸಿ ಮಾಡುವ ಕಾಯಿಲ್‌ನ ಎತ್ತರ ನೋಡಬೇಕಿತ್ತು, ಮುಚ್ಚಳದೊಳಗೆ ಆ ಹಾಳೆ ಇರುವ ಲೈನರ್‌ನ ಲಾಟ್ ನೋಡಬೇಕಿತ್ತು. ಆದರೆ ಡಿಸ್ಪ್ಯಾಚ್‌ನವರ ಫೋನ್ ಹತ್ತು ನಿಮಿಷಕ್ಕೊಮ್ಮೆ. ಲೈನರ್ ಇನ್ನೂ ಒತ್ತಿ ಕೂತರೆ ಸೀಲ್ ಹಿಡಿದೀತು ಅಂತ ಟಾರ್ಕನ್ನು, ಅಂದರೆ ಮುಚ್ಚಳ ತಿರುಗಿಸಿ ಬಿಗಿಯುವ ಬಲವನ್ನು, 18ರಿಂದ 24ಕ್ಕೆ ಏರಿಸಿದೆ. ಸೀಲಿಂಗ್‌ನ ಬಿಸಿಗೆ ಮುಚ್ಚಳ ಸಡಿಲವಾಗುತ್ತದಲ್ಲ, ಆಮೇಲೆ ಮತ್ತೆ ಬಿಗಿಯುವ ರೀಟಾರ್ಕರ್‌ನಲ್ಲೂ ಅದನ್ನೇ ಇಟ್ಟೆ. ನಮ್ಮ ಸ್ಪೆಕ್, ಅಂದರೆ ಒಪ್ಪಿದ ಮಿತಿ, 17ರಿಂದ 25 ಇಂಚ್-ಪೌಂಡ್. ಹಾಗಾಗಿ ಮಿತಿ ತಪ್ಪಿದಾಗ ಬರೆಯುವ ಡೀವಿಯೇಶನ್ ಬೇಡ, ಬದಲಾವಣೆಗೆ ಒಪ್ಪಿಗೆ ಪಡೆಯುವ ಚೇಂಜ್ ಕಂಟ್ರೋಲ್ ಬೇಡ. 18 ಯಾಕೆ ಇತ್ತು ಎಂದು ನಾನು ಯಾರನ್ನೂ ಕೇಳಲಿಲ್ಲ. ಸೀಲ್ ಹಿಡಿಯಿತು. ತಿಂಗಳ ಮೀಟಿಂಗ್‌ನಲ್ಲಿ ಹೊಗಳಿದರು. ಬೇಡ ಅನ್ನಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಕಂಪ್ಲೇಂಟ್ ಬರತೊಡಗಿದವು. ಮುಚ್ಚಳ ತೆಗೆಯಲಾಗುತ್ತಿಲ್ಲ. ಒಬ್ಬರು ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದ್ದರಂತೆ, ಡಬ್ಬಿ ಒಡೆದು ಮಾತ್ರೆಯೆಲ್ಲ ನೆಲದ ಪಾಲು. ಅದೇ ಬ್ಯಾಚಿನಿಂದ ಎತ್ತಿಟ್ಟ ಕಂಟ್ರೋಲ್ ಸ್ಯಾಂಪಲ್ ತರಿಸಿ ಟಾರ್ಕ್ ಟೆಸ್ಟರ್ ಮೇಲೆ ಇಟ್ಟೆ: ಮಿತಿಯೊಳಗಿದೆ. ‘ಪರಿಶೀಲಿಸಲಾಗಿದೆ, ದೂರು ಸಮರ್ಥನೀಯವಲ್ಲ’ ಎಂದು ಬರೆದು ಮುಗಿಸಿದೆ. ಅಂಥವು ಏಳು ಬಂದವು, ಏಳಕ್ಕೂ ಅದೇ ವಾಕ್ಯ ಅಂಟಿಸಿದೆ. ಹೇಳಿಬಿಡುತ್ತೇನೆ, ಒಮ್ಮೆ ಕ್ಯಾಂಟೀನ್‌ನಲ್ಲಿ ಅದೇ ಡಬ್ಬಿಯನ್ನು ಒಂದೇ ಕೈಯಲ್ಲಿ ತೆಗೆದು ತೋರಿಸಿ ನಗಿಸಿದ್ದೂ ಉಂಟು. ಆಗ ನನಗೆ ಮೂವತ್ತನಾಲ್ಕು.

ಎಂಟನೆಯದಕ್ಕೆ ಗುಣಮಟ್ಟ ವಿಭಾಗದ (ಕ್ಯೂಎ) ಮೇಡಂ ಸಹಿ ಹಾಕಲಿಲ್ಲ. “ಎಲ್ಲಕ್ಕೂ ಒಂದೇ ಉತ್ತರ ಬರೆದಿದ್ದೀರಲ್ರೀ. ವಯಸ್ಸಾದವರ ಕೈಗೆ ಕೊಟ್ಟು ನೋಡಿದ್ರಾ?”

ಇಂಥ ಮುಚ್ಚಳಗಳಿಗೆ ಪರೀಕ್ಷೆ ಇಲ್ಲದಿಲ್ಲ. ಮಕ್ಕಳು ವಿಷದ ವಸ್ತು ನುಂಗಬಾರದೆಂದು ಅಮೆರಿಕದಲ್ಲಿ 1970ರಲ್ಲಿ ಕಾನೂನು ಬಂತು. ಅಲ್ಲಿ 42ರಿಂದ 51 ತಿಂಗಳ ಮಕ್ಕಳ ಕೈಗೆ ಡಬ್ಬಿ ಕೊಡುತ್ತಾರೆ. ಐದು ನಿಮಿಷ ಬಿಟ್ಟು, ತೆಗೆಯುವುದು ಹೇಗೆಂದು ತೋರಿಸಿ, ಹಲ್ಲನ್ನೂ ಉಪಯೋಗಿಸಬಹುದು ಎಂದು ಹೇಳಿ, ಮತ್ತೆ ಐದು ನಿಮಿಷ. ದೊಡ್ಡವರ ಪರೀಕ್ಷೆಗೆ ಬಹುಕಾಲ 18ರಿಂದ 45ರ ವಯಸ್ಸಿನವರನ್ನೇ ಕೂರಿಸುತ್ತಿದ್ದರು. 1995ರಲ್ಲಿ ಅದನ್ನು 50ರಿಂದ 70 ಮಾಡಿದರು: ಮೊದಲು ಐದು ನಿಮಿಷದಲ್ಲಿ ತೆಗೆದು ಮುಚ್ಚಬೇಕು, ಆಮೇಲೆ ಒಂದೇ ನಿಮಿಷದಲ್ಲಿ. 70 ದಾಟಿದವರು ಮಾತ್ರೆ ನುಂಗುವುದಿಲ್ಲ ಎಂದುಕೊಂಡರೋ ಏನೋ.

ನಿವೃತ್ತರು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಗೆ ನಮ್ಮಲ್ಲಿಗೇ ಬರುತ್ತಾರೆ. ಅವತ್ತು ಆರು ಜನರನ್ನು ಟ್ರೇನಿಂಗ್ ರೂಮಿನಲ್ಲಿ ಕೂರಿಸಿದೆವು. ಸ್ಟಾಪ್‌ವಾಚ್ ನನ್ನ ಕೈಯಲ್ಲಿ. ಸಹಾಯ ಮಾಡುವಂತಿಲ್ಲ, ಮಾತಾಡುವಂತಿಲ್ಲ.

ಮೊದಲ ನಿಮಿಷ ನಮ್ಮ ಹಳೆಯ ಕ್ಯಾಪಿಂಗ್ ಆಪರೇಟರ್ ನಗುತ್ತಲೇ ತಿರುಗಿಸಿದರು. ಮುಚ್ಚಳ ಟಕ ಟಕ ಎಂದು ಸುಮ್ಮನೆ ಸುತ್ತಿತು. ಎರಡನೇ ನಿಮಿಷ ಕನ್ನಡಕ ಮೇಲೇರಿಸಿ ಮುಚ್ಚಳದ ಮೇಲಿನ ಬರಹ ಓದಲು ನೋಡಿದರು. ಬಿಳಿಯ ಮೇಲೆ ಬಿಳಿಯ ಉಬ್ಬಕ್ಷರ. ಏನು ಮಾಡಬೇಕೆಂದು ಅವರಿಗೆ ಗೊತ್ತಿಲ್ಲವೇ, ಲಕ್ಷಗಟ್ಟಲೆ ಮುಚ್ಚಿದವರು. ಅಂಗೈಯಿಂದ ಒತ್ತಿದರು, ಒತ್ತಿದರೆ ಬೆರಳು ತಿರುಗದು, ತಿರುಗಿಸಿದರೆ ಒತ್ತು ಸಡಿಲ. ಮೂರನೇ ನಿಮಿಷಕ್ಕೆ ಹೆಬ್ಬೆರಳ ಬುಡ ಹಿಡಿದುಕೊಂಡು ಕೂತರು. ಟೆಸ್ಟರ್‌ನಲ್ಲಿ ಡಬ್ಬಿಯನ್ನು ನಾಲ್ಕು ಗೂಟ ಹಿಡಿದಿರುತ್ತವೆ, ಅವು ಜಾರುವುದಿಲ್ಲ, ನೋಯುವುದೂ ಇಲ್ಲ ಎಂದು ನನಗೆ ಹೊಳೆದದ್ದು ಆಗ. ಮೇಲಿನಿಂದ ಎಷ್ಟು ಒತ್ತಬೇಕು ಎಂಬುದನ್ನಂತೂ ನಾವು ಅಳೆದೇ ಇರಲಿಲ್ಲ. ನಾಲ್ಕನೇ ನಿಮಿಷ ಅವರು ಡಬ್ಬಿಯನ್ನು ಮೇಜಿನಂಚಿಗೆ ಒತ್ತಿ, ಎದ್ದು ನಿಂತು, ಮೈಭಾರವನ್ನೆಲ್ಲ ಬಿಟ್ಟರು. ಕೈ ಚಾಚದಿರಲು ನಾನು ವಾಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಇದನ್ನ ಮುಚ್ಚಿದ ಪುಣ್ಯಾತ್ಮ ಯಾರಪ್ಪಾ?” ಅಂದರು. ನಾನು ಸಮಯ ನೋಡುವವನಂತೆ ತಲೆ ತಗ್ಗಿಸಿದೆ.

ಐದು ನಿಮಿಷ ಮುಗಿಯಿತು. ಆರರಲ್ಲಿ ತೆಗೆದವರು ಇಬ್ಬರು. ಅವರಿಗೂ ಒಳಗೆ ಬೆಳ್ಳಿ ಬಣ್ಣದ ಸೀಲ್ ಕಾದಿತ್ತು, ಎಳೆಯಲು ಕಿವಿಯಿಲ್ಲದ್ದು. ಒಬ್ಬರು ಪೆನ್ನಿನಿಂದ ಚುಚ್ಚಿದರು.

ಟೀ ಬಂದಾಗ ಆ ಹಳೆಯ ಆಪರೇಟರನ್ನು ಕೇಳಿದೆ, “ಮನೇಲಿ ಏನ್ಮಾಡ್ತೀರಿ ಸರ್?”

“ಮಗಳು ಬಂದಾಗ ತೆಗೆದುಕೊಡ್ತಾಳೆ. ಎಲ್ಲಾ ಒಂದು ಖಾಲಿ ಪೌಡರ್ ಡಬ್ಬಕ್ಕೆ ಸುರ್ಕೊಂಡುಬಿಡ್ತೀನಿ. ದಿನಾ ಈ ಕುಸ್ತಿ ಯಾರಿಗೆ ಬೇಕು?”

“ಮನೇಲಿ ಮಕ್ಕಳು ಇದ್ದಾರಾ?”

“ಮೊಮ್ಮಗಳು ಬರ್ತಾ ಇರ್ತಾಳೆ. ಮೂರೂವರೆ ವರ್ಷ. ಆ ಡಬ್ಬ ಅಂದ್ರೆ ಅವಳಿಗೆ ಪ್ರಾಣ, ಗಿಲಕಿ ಥರ ಸದ್ದು ಮಾಡುತ್ತೆ ನೋಡಿ.”

ಮೇಡಂ ಟೀ ಲೋಟ ಕೆಳಗಿಟ್ಟರು. ಮೂರೂವರೆ ವರ್ಷ ಅಂದರೆ 42 ತಿಂಗಳು. ಯಾರ ಕೈಗೆ ಮಾತ್ರೆ ಸಿಗದಿರಲೆಂದು ಆ ಮುಚ್ಚಳ ಇದೆಯೋ, ಅವಳ ಕೈಯಲ್ಲಿ ಗಿಲಕಿ. ಹೆಸರಿಲ್ಲ, ಎಕ್ಸ್‌ಪೈರಿ ಇಲ್ಲ, ಮುಚ್ಚಳ ಬೆರಳಲ್ಲಿ ತಟ್ಟಿದರೆ ಹಾರುವಂಥದ್ದು. ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ಇಲ್ಲವೇ ಅವಳಿಗೆ ಎಟುಕದ ಕಡೆ ಎತ್ತಿಡಿ ಎಂದು ಅವರ ಕೈ ಹಿಡಿದೇ ಹೇಳಿದೆವು.

ಸೀಲ್ ತೊಂದರೆಗೆ ಕಾರಣ ಕಾಯಿಲ್ ಎತ್ತರವೇ. ಬೇರೆ ಅಳತೆಯ ಡಬ್ಬಿಗೆಂದು ಮಷೀನಿನ ಚೇಂಜ್ ಪಾರ್ಟ್ ಬದಲಿಸಿದ ಮೇಲೆ ಯಾರೂ ಅದನ್ನು ಇಳಿಸಿರಲಿಲ್ಲ. ಅರ್ಧ ಗಂಟೆಯ ಕೆಲಸ. ಕಿವಿ ಇರುವ ಲೈನರ್ ಬೇಕೆಂದು ಬರೆದದ್ದು ಪರ್ಚೇಸ್‌ನಲ್ಲಿ ಕೂತಿದೆ. ಡಬ್ಬಿಗಿಷ್ಟು ಪೈಸೆ ಜಾಸ್ತಿಯಂತೆ, ಎಷ್ಟೆಂದು ಮೂರು ಸಲ ಕೇಳಿದರೂ ಹೇಳಿಲ್ಲ. ಸ್ಪೆಕ್‌ನಲ್ಲಿ ಮೇಲಿನ ಮಿತಿ ಇನ್ನೂ 25 ಇದೆ.

ಹೊರಡುವಾಗ ಅವರು ಬಾಗಿಲಲ್ಲಿ ನಿಂತು ಕೇಳಿದರು, “ಆ ಮಷೀನು ಎಷ್ಟರಲ್ಲಿ ಓಡಿಸ್ತಿದ್ದೀರಿ ಈಗ?”

“24, ಸರ್.”

“ಅಯ್ಯೋ. ಮೂರನೇ ಹೆಡ್ ಯಾವತ್ತೂ ಒಂದು ಕೈ ಜಾಸ್ತಿ ಬಿಗಿಯುತ್ತಲ್ರೀ. ಅದಕ್ಕೇ ನಾನು 18 ಮೇಲೆ ಹೋಗ್ತಿರಲಿಲ್ಲ.”

ನಾವು ಮುಚ್ಚಳ ಬಿಗಿಯುವ ಎಂಟೂ ಹೆಡ್‌ಗಳ ಟಾರ್ಕ್ ತೆಗೆದು ಸರಾಸರಿ ಬರೆಯುತ್ತಿದ್ದೆವು. ಅವತ್ತು ಸಂಜೆ ಮೂರನೆಯದನ್ನು ಬೇರೆ ಅಳೆಸಿದೆ: 29. ಪ್ರತಿ ಬ್ಯಾಚಿನ ವಿವರ ಬರೆದಿಡುವ ಹಳೆಯ ಬಿಎಂಆರ್‌ಗಳನ್ನು ತರಿಸಿದರೆ, ಪುಟ ಪುಟದಲ್ಲೂ ಅವರ ದುಂಡಕ್ಷರದಲ್ಲಿ 18, 18, 18. ಷರಾ ಕಾಲಂ ಖಾಲಿ.