ವಾಪಸ್ ಬಂದವರನ್ನು ಜನ ಯಾಕೆ ಒಪ್ಪಲ್ಲ? ಸೀರಿಯಲ್ ಕಥೆ ಬರೆಯುವವಳಿಗೆ ಕುಸ್ತಿ ಕಲಿಸಿದ್ದು

ನಾನು ಟಿವಿ ಸೀರಿಯಲ್‌ಗಳಿಗೆ ಕಥೆ ಬರೆಯುತ್ತೇನೆ. ನಮ್ಮ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಕಷ್ಟ ಇದೆ. ವಾಪಸ್ ಬರುವ ಪಾತ್ರ. ಸಿನಿಮಾ ಸಿಕ್ಕಿತು ಅಂತಲೋ, ಮದುವೆ, ಹೆರಿಗೆ ಅಂತಲೋ ಕಲಾವಿದರು ಬಿಟ್ಟು ಹೋಗಿರುತ್ತಾರೆ. ಅವರ ಪಾತ್ರವನ್ನು ನಾವು ದುಬೈಗೋ ಅಮೆರಿಕಕ್ಕೋ ಕಳಿಸಿರುತ್ತೇವೆ. ಸ್ವಲ್ಪ ಕಾಲ ಕಳೆದ ಮೇಲೆ ಚಾನೆಲ್‌ನಿಂದ ಮಾತು ಬರುತ್ತದೆ: "ಅವರನ್ನು ವಾಪಸ್ ಕರೆಸೋಣ, ಆದರೆ ಹೊಸ ಶೇಡ್ ಕೊಡೋಣ."

ಈ ಹೊಸ ಶೇಡ್ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ನಾನು ಕಲಿತದ್ದು ಅಮೆರಿಕದ ಟಿವಿ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇಯ ಆಟ ನೋಡಿ. ಅಲ್ಲೂ ನಮ್ಮ ಹಾಗೆಯೇ ಕಥೆ ಬರೆಯುವ ತಂಡ ಇದೆ. ಯಾರು ಗೆಲ್ಲಬೇಕು, ಯಾರು ಯಾರಿಗೆ ಮೋಸ ಮಾಡಬೇಕು, ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ. ವ್ಯತ್ಯಾಸ ಒಂದೇ. ನಾವು ಬರೆದದ್ದು ಜನಕ್ಕೆ ಹಿಡಿಸಿತೋ ಇಲ್ಲವೋ ಅಂತ ತಿಳಿಯಲು ಗುರುವಾರದ ಟಿಆರ್‌ಪಿಗೆ ಕಾಯಬೇಕು. ಅವರಿಗೆ ಹಾಗಲ್ಲ. ಪಾತ್ರ ರಿಂಗ್‌ಗೆ ಬರುವಷ್ಟರಲ್ಲೇ ಸುತ್ತ ಕೂತ ಸಾವಿರಾರು ಜನ ತೀರ್ಪು ಕೂಗಿ ಹೇಳಿಬಿಡುತ್ತಾರೆ.

2012ರ ಏಪ್ರಿಲ್ 2ರ ರಾತ್ರಿ ಇದಕ್ಕೆ ಒಳ್ಳೆಯ ಉದಾಹರಣೆ. ಕಂಪನಿಯ ವರ್ಷದ ಅತಿ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾ 28 ಮುಗಿದ ಮರುದಿನ. ಮಯಾಮಿಯಲ್ಲಿ ರಾ ಅನ್ನುವ, ಪ್ರತಿ ಸೋಮವಾರದ ಟಿವಿ ಕಾರ್ಯಕ್ರಮ. ರೆಸಲ್‌ಮೇನಿಯಾ ನೋಡಲು ಬೇರೆ ಬೇರೆ ದೇಶಗಳಿಂದ ಬಂದ ಅಭಿಮಾನಿಗಳು ಮರುದಿನದ ರಾ ಟಿಕೆಟ್ಟನ್ನೂ ತೆಗೆದುಕೊಂಡಿರುತ್ತಾರೆ. ಅಂದರೆ ಅವತ್ತು ಕೂತವರು ಸುಮ್ನೆ ಟೈಂಪಾಸ್‌ಗೆ ಬಂದವರಲ್ಲ. ಹಳೆಯದೆಲ್ಲ ನೆನಪಿಟ್ಟುಕೊಂಡವರು. ಆ ಒಂದೇ ರಾತ್ರಿ, ಒಂದೇ ರಿಂಗ್‌ಗೆ, ಎಂಟು ವರ್ಷದ ಹಿಂದೆ ಹೋಗಿದ್ದ ಇಬ್ಬರು ವಾಪಸ್ ಬಂದರು.

ಒಬ್ಬ ಲಾರ್ಡ್ ಟೆನ್ಸಾಯ್. ಜಪಾನಿನ ಯೋಧನ ಹಾಗೆ ನಿಲುವಂಗಿ, ಮುಖವಾಡ. ಮುಖವಾಡ ತೆಗೆದರೆ ಬೋಳುತಲೆಯ ಮೇಲೂ ಮುಖದ ಮೇಲೂ ಜಪಾನಿ ಅಕ್ಷರಗಳು. ಪಕ್ಕದಲ್ಲಿ ಸಕಮೊಟೊ ಅನ್ನುವ ಸೇವಕ. ಬಾಯಿಂದ ಎದುರಾಳಿಯ ಮುಖಕ್ಕೆ ಉಗುಳುವ ಹಸಿರು ಮಂಜು ಬೇರೆ. ಆರೂವರೆ ಅಡಿ ಎತ್ತರದ ಆ ದೈತ್ಯ ಎದುರಾಳಿ ಅಲೆಕ್ಸ್ ರೈಲಿಯನ್ನು ಬೇಗ ಮುಗಿಸಿದ. ವಿಲನ್ ಎಂಟ್ರಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಮುಂದಿನ ವಾರಗಳಲ್ಲಿ ಅವನು ಬಂದಾಗೆಲ್ಲ ಜನ ಕೂಗುತ್ತಿದ್ದದ್ದು "ಆಲ್ಬರ್ಟ್! ಆಲ್ಬರ್ಟ್!"

ಯಾಕೆಂದರೆ ಟೆನ್ಸಾಯ್ ವೇಷದಲ್ಲಿದ್ದವರು ಮ್ಯಾಟ್ ಬ್ಲೂಮ್. 1999ರಲ್ಲಿ ಅದೇ ಕಂಪನಿಗೆ ಪ್ರಿನ್ಸ್ ಆಲ್ಬರ್ಟ್ ಆಗಿ ಬಂದವರು. ಮೈ ಮುಖಕ್ಕೆಲ್ಲ ಓಲೆ, ರಿಂಗು ಚುಚ್ಚಿಸಿಕೊಂಡ ದೊಡ್ಡ ಆಳು. ಆಮೇಲೆ ಟೆಸ್ಟ್ ಅನ್ನುವ ಕುಸ್ತಿಪಟು ಜೊತೆ ಸೇರಿ ಟಿ ಅಂಡ್ ಎ ಜೋಡಿ, ಅವರ ಮ್ಯಾನೇಜರ್ ಟ್ರಿಷ್ ಸ್ಟ್ರಾಟಸ್. 2001ರಲ್ಲಿ ಇಂಟರ್‌ಕಾಂಟಿನೆಂಟಲ್ ಬೆಲ್ಟ್, ಅಂದರೆ ಒಂದು ಚಾಂಪಿಯನ್ ಪಟ್ಟ, ಗೆದ್ದರು. ನಂತರ ಎ-ಟ್ರೇನ್ ಅಂತ ಹೆಸರು ಬದಲಾಯಿತು. 2003ರ ರೆಸಲ್‌ಮೇನಿಯಾದಲ್ಲಿ ಬಿಗ್ ಶೋ ಅನ್ನುವ ಕುಸ್ತಿಪಟು ಜೊತೆ ಸೇರಿ ಅಂಡರ್‌ಟೇಕರ್ ವಿರುದ್ಧ ಆಡಿ ಸೋತರು. 2004ರಲ್ಲಿ ಕಂಪನಿ ಕೈಬಿಟ್ಟಿತು.

ಇಷ್ಟೆಲ್ಲ ನೋಡುಗರಿಗೆ ಗೊತ್ತಿತ್ತು. ಕುಸ್ತಿ ನೋಡುವವರ ನೆನಪಿನ ಶಕ್ತಿಯನ್ನು ಕಡಿಮೆ ಅಂದುಕೊಳ್ಳಬಾರದು. ಡಬ್ಲ್ಯುಡಬ್ಲ್ಯುಎಫ್ (ಇದೇ ಕಂಪನಿಯ ಹಳೆಯ ಹೆಸರು) ಕಾರ್ಡ್ ಆಡಿಕೊಂಡು ಬೆಳೆದ ನಮ್ಮೂರ ಹುಡುಗರನ್ನೇ ಕೇಳಿ. ಯಾರ ಎತ್ತರ ಎಷ್ಟು, ತೂಕ ಎಷ್ಟು, ಬೈಸೆಪ್ಸ್ ಎಷ್ಟು ಅಂತ ಈಗಲೂ ಹೇಳುವವರಿದ್ದಾರೆ. ಅಂಥವರ ಮುಂದೆ ಹಳಬನ ತಲೆಗೆ ಬಣ್ಣ ಬಳಿದು "ಇವನು ಹೊಸಬ" ಅಂದರೆ ಏನಾಗುತ್ತದೆ ಹೇಳಿ.

ಕಂಪನಿ ಮಾಡಿದ್ದು ನಮ್ಮ ಕ್ಷೇತ್ರದಲ್ಲೂ ದಿನಾ ಮಾಡುವ ಕೆಲಸವನ್ನೇ. ಪಾತ್ರ ಏಳುತ್ತಿಲ್ಲವಾ, ಗೆಲುವು ಜಾಸ್ತಿ ಮಾಡು. ಏಪ್ರಿಲ್ 16ರಂದು ಲಂಡನ್‌ನಲ್ಲಿ ಟೆನ್ಸಾಯ್ ಕೈಯಲ್ಲಿ ಜಾನ್ ಸೀನಾನನ್ನೇ ಸೋಲಿಸಿದರು. ಆ ಕಾಲದಲ್ಲಿ ಸೀನಾನನ್ನು ಸೋಲಿಸುವುದು ಅಂದರೆ ಒಬ್ಬ ಕುಸ್ತಿಪಟುವಿಗೆ ಸಿಗಬಹುದಾದ ಅತಿ ದೊಡ್ಡ ಉಡುಗೊರೆ. ಆದರೂ ಏನೂ ಬದಲಾಗಲಿಲ್ಲ. ಕೆಲವೇ ತಿಂಗಳಲ್ಲಿ ತನಗಿಂತ ಎಷ್ಟೋ ಚಿಕ್ಕ ಆಳಾದ ಟೈಸನ್ ಕಿಡ್ ಎದುರಿಗೂ ಟೆನ್ಸಾಯ್ ಸೋತ. 2013ರ ಆರಂಭಕ್ಕೆ ಬ್ರೋಡಸ್ ಕ್ಲೇ ಜೊತೆ ರಿಂಗ್‌ನಲ್ಲಿ ಕುಣಿಯುವ ಜೋಡಿಯಲ್ಲಿ ಒಬ್ಬನಾದ.

ಅದೇ ಏಪ್ರಿಲ್ 2ರ ರಾತ್ರಿ ಬಂದ ಇನ್ನೊಬ್ಬ ಬ್ರಾಕ್ ಲೆಸ್ನರ್. ಅವರು ಹೋದದ್ದೂ 2004ರಲ್ಲೇ. ಹೋಗುವ ದಿನ ಜನ ಸಿಟ್ಟಿನಿಂದ ಕೂಗಾಡಿ ಕಳಿಸಿದ್ದರು. ಆಮೇಲೆ ಲೆಸ್ನರ್ ಜಪಾನಿಗೆ ಹೋಗಿ, ಅಲ್ಲಿಯ ಕುಸ್ತಿಯ ದೊಡ್ಡ ಪಟ್ಟವಾದ ಐಡಬ್ಲ್ಯುಜಿಪಿ ಬೆಲ್ಟ್ ಗೆದ್ದರು. ನಂತರ ನಿಜವಾದ ಹೊಡೆದಾಟದ ಯುಎಫ್‌ಸಿಗೆ ಹೋಗಿ 2008ರಲ್ಲಿ ರ್‍ಯಾಂಡಿ ಕೂಟೂರ್ ಅವರನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದರು. ವಾಪಸ್ ಬಂದಾಗ ಹಳೆಯ ಹೆಸರೇ, ಹಳೆಯ ಎಂಟ್ರಿ ಮ್ಯೂಸಿಕ್ಕೇ. ಸೀನಾಗೆ ಕೈ ಕೊಟ್ಟಂತೆ ಮಾಡಿ ಎತ್ತಿ ಎಸೆದರು. ಮಯಾಮಿ ಹುಚ್ಚೆದ್ದು ಕುಣಿಯಿತು. ರಿಂಗ್‌ಗೆ ಇಳಿದಾಗ ಹಾಕಿಕೊಂಡದ್ದು ಯುಎಫ್‌ಸಿ ಕಾಲದ ಶಾರ್ಟ್ಸ್ ಮತ್ತು ಗ್ಲೌಸ್. ನೋಡುಗರಿಗೆ ಗೊತ್ತಿದ್ದ ಆ ಎಂಟು ವರ್ಷಗಳೇ ಅವರ ಹೊಸ ಪಾತ್ರ.

ಇಲ್ಲಿ ಒಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಲೆಸ್ನರ್ ವಾಪಸ್ ಬಂದ ಮೇಲಿನ ಮೊದಲ ಪಂದ್ಯದಲ್ಲೇ ಸೋತರು. ಏಪ್ರಿಲ್ 29, ಚಿಕಾಗೊ ಹತ್ತಿರ, ಅದೇ ಸೀನಾ ಎದುರು. ಅಂದರೆ ಎರಡು ವಾರದ ಅಂತರದಲ್ಲಿ ಟೆನ್ಸಾಯ್ ಸೀನಾನನ್ನು ಗೆದ್ದ, ಲೆಸ್ನರ್ ಸೀನಾಗೆ ಸೋತರು. ಗೆದ್ದವನು ಕುಣಿಯುವ ಪಾತ್ರಕ್ಕೆ ಇಳಿದ. ಸೋತವರು 2014ರ ರೆಸಲ್‌ಮೇನಿಯಾದಲ್ಲಿ, ಆ ಕಾರ್ಯಕ್ರಮದಲ್ಲಿ ಅಲ್ಲಿವರೆಗೆ ಒಮ್ಮೆಯೂ ಸೋತಿರದ ಅಂಡರ್‌ಟೇಕರ್‌ನ ಗೆಲುವಿನ ಸರಪಳಿಯನ್ನೇ ಮುರಿದರು. ಗೆಲುವನ್ನು ನಾವು ಬರೆಯಬಹುದು. ಅದನ್ನು ನಂಬುವುದು ಬಿಡುವುದು ನೋಡುವವರ ಕೈಯಲ್ಲಿದೆ.

ಲೆಸ್ನರ್ ಮೊದಲಿಂದಲೂ ದೊಡ್ಡ ಸ್ಟಾರ್, ಬ್ಲೂಮ್ ಜೊತೆ ಹೋಲಿಸುವುದು ಸರಿಯಲ್ಲ ಅಂತ ನಮ್ಮ ತಂಡದಲ್ಲೇ ಒಬ್ಬರು ವಾದಿಸಿದರು. ಸ್ಟಾರ್ ಬೆಲೆಯ ಮಾತು ನಿಜ. ಆದರೆ ಬ್ಲೂಮ್ ಹತ್ತಿರ ಕಥೆ ಇರಲಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಆ ಎಂಟು ವರ್ಷ ಅವರು ಏನು ಮಾಡಿದ್ದರು ನೋಡಿ. ಜಪಾನಿನಲ್ಲಿ ಜೈಂಟ್ ಬರ್ನಾರ್ಡ್ ಅನ್ನುವ ಹೆಸರಲ್ಲಿ ಮತ್ತೆ ಶುರುಮಾಡಿದರು. 2006ರಲ್ಲಿ ಅಲ್ಲಿಯ ಕುಸ್ತಿ ಟೂರ್ನಿ ನ್ಯೂ ಜಪಾನ್ ಕಪ್ ಗೆದ್ದರು. ಕಾರ್ಲ್ ಆಂಡರ್ಸನ್ ಜೊತೆ ಐಡಬ್ಲ್ಯುಜಿಪಿ ಟ್ಯಾಗ್ (ಜೋಡಿಗಳ) ಬೆಲ್ಟನ್ನು 564 ದಿನ ಉಳಿಸಿಕೊಂಡರು. ಆಗ ಅದು ದಾಖಲೆ. ಅದನ್ನು ಕಳೆದುಕೊಂಡದ್ದು 2012ರ ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ. ಮೂರೇ ತಿಂಗಳಲ್ಲಿ ಮಯಾಮಿಗೆ ಬಂದರು.

ಒಂದು ಕಡೆ ಬೇಡ ಅಂತ ಕಳಿಸಿದ ಮನುಷ್ಯ. ಭಾಷೆ ಬಾರದ ದೇಶಕ್ಕೆ ಹೋಗಿ, ಹೊಸದಾಗಿ ಕಲಿತು, ಅಲ್ಲಿಯ ಜನರ ಗೌರವ ಗಳಿಸಿ, ಚಾಂಪಿಯನ್ ಆಗಿ ತನ್ನನ್ನು ಕಳಿಸಿದವರ ಮುಂದೆಯೇ ಬಂದು ನಿಂತಿದ್ದಾನೆ. ನಾನು ಬರೆಯುವವಳಾಗಿ ಹೇಳುತ್ತೇನೆ, ಇಂಥ ಹಿನ್ನೆಲೆ ಒಂದು ಪಾತ್ರಕ್ಕೆ ಸಿಕ್ಕರೆ ಆರು ತಿಂಗಳ ಕಥೆ ಕಣ್ಣ ಮುಂದೆ ಬರುತ್ತದೆ. ಅದನ್ನು ನಿಲುವಂಗಿಯ ಕೆಳಗೆ ಮುಚ್ಚಿಟ್ಟರು. ಜಪಾನ್ ಅನ್ನುವುದು ಅವರ ಬದುಕಿನ ಎಂಟು ವರ್ಷವಾಗದೆ, ಬರೀ ಬಟ್ಟೆ, ಬಣ್ಣ, ಸೇವಕ ಆಗಿಬಿಟ್ಟಿತು.

ಜನ ಆಲ್ಬರ್ಟ್ ಅಂತ ಕೂಗಿದ್ದನ್ನು ನಾನು ಬರೀ ಗೇಲಿ ಅಂತ ನೋಡುವುದಿಲ್ಲ. ವಿಲನ್‌ಗೆ ಜನ ಬೈಯುವುದು ಬೇರೆ, ಅದು ಆಟದ ಭಾಗ. ಇದು ಅದಲ್ಲ. "ನೀನು ಯಾರು ಅಂತ ನಮಗೆ ಗೊತ್ತು, ಮಾತಾಡು" ಅನ್ನುವ ಕೂಗು. ಒಂದು ವಾರ ಟೆನ್ಸಾಯ್ ಮೈಕ್ ತೆಗೆದುಕೊಂಡು, "ಹೌದು, ನಾನೇ ಆಲ್ಬರ್ಟ್. ಆಗ ನೀವು ನಕ್ಕಿರಿ. ಆಮೇಲೆ ನಾನು ಎಲ್ಲಿಗೆ ಹೋದೆ ಗೊತ್ತಾ?" ಅಂತ ಶುರುಮಾಡಿದ್ದರೆ ಆ ಕೂಗೇ ಕಥೆಯ ಇಂಧನ ಆಗುತ್ತಿತ್ತು. ಆ ಕೂಗನ್ನು ಹಿಡಿದು ಯಾರೂ ಕಥೆ ಕಟ್ಟಲಿಲ್ಲ.

ಇದು ನಮ್ಮ ಸ್ಟೋರಿ ಡಿಸ್ಕಷನ್ ರೂಮಿಗೆ ಹೇಗೆ ಬಂತು ಅಂತ ಹೇಳುತ್ತೇನೆ. ಚಾನೆಲ್ಲಿನ ಹೆಸರು, ಸೀರಿಯಲ್ಲಿನ ಹೆಸರು ಬೇಡ. ಅದರಲ್ಲಿ ಮನೆಯ ಕಿರಿಯ ಮಗ ಒಬ್ಬನಿದ್ದ. ಕೆಲಸ ಇಲ್ಲ, ದಿನಾ ಅಪ್ಪನ ಕೈಯಲ್ಲಿ ಬೈಸಿಕೊಳ್ಳುತ್ತಾನೆ, ಅಜ್ಜಿ ಹತ್ತಿರ ನೂರು ಇನ್ನೂರು ಇಸ್ಕೊಂಡು ಓಡಾಡುತ್ತಾನೆ. ಜನಕ್ಕೆ ಅವನ ಮೇಲೆ ಪ್ರೀತಿ. ಕಲಾವಿದರು ಸಿನಿಮಾಗೆ ಹೋದರು, ಪಾತ್ರವನ್ನು ವಿದೇಶಕ್ಕೆ ಕಳಿಸಿದೆವು. ವಾಪಸ್ ಕರೆಸುವಾಗ ಚಾನೆಲ್‌ನವರಿಗೆ ವಿಲನ್ ಬೇಕಿತ್ತು. ಕೋಟು, ಕೂಲಿಂಗ್ ಗ್ಲಾಸ್, ಸಾಲಾಗಿ ಕಾರು, ಸ್ಲೋ ಮೋಷನ್. ಮೊದಲ ವಾರವೇ ಅಣ್ಣನ ಫ್ಯಾಕ್ಟರಿ ಕೊಂಡುಕೊಳ್ಳುತ್ತಾನೆ.

ಪ್ರೋಮೊ ಬಂತು. ಕೆಳಗೆ ಕಾಮೆಂಟ್‌ಗಳು ಒಂದೇ ಧಾಟಿಯಲ್ಲಿ ಬಿದ್ದವು: "ಮೊದ್ಲು ಅಜ್ಜಿ ಹತ್ರ ಇಸ್ಕೊಂಡಿದ್ದು ವಾಪಸ್ ಕೊಡೋಕೆ ಹೇಳಿ." ಚಾನೆಲ್ ಕಡೆಯವರು ಇದನ್ನು ಟ್ರೋಲ್ ಅಂತ ತೆಗೆದುಕೊಂಡರು. ಪಾತ್ರಕ್ಕೆ ಇನ್ನೂ ಮಾಸ್ ಬೇಕು, ಅಣ್ಣನನ್ನು ಮನೆಯಿಂದಲೇ ಹೊರಗೆ ಹಾಕಿಸಿ ಅಂದರು. ನಾನು ಅವತ್ತು ಟೆನ್ಸಾಯ್ ಮತ್ತು ಸೀನಾ ಪಂದ್ಯದ ಕಥೆಯನ್ನು ಎಲ್ಲರಿಗೂ ಹೇಳಿದೆ. ಇನ್ನೂ ದೊಡ್ಡ ಗೆಲುವು ಕೊಟ್ಟರೆ ಈ ಕಾಮೆಂಟ್ ನಿಲ್ಲುವುದಿಲ್ಲ, ಇನ್ನೂ ಜಾಸ್ತಿ ಆಗುತ್ತದೆ ಅಂದೆ. ಆಗ ಸಂಭಾಷಣೆ ಬರೆಯುವ ನಮ್ಮ ಹಿರಿಯರು ಕಾಮೆಂಟ್‌ಗಳನ್ನು ಓದಿ ಹೇಳಿದರು, "ಇದೇ ಸೀನು ಕಣಮ್ಮ. ಇದನ್ನೇ ಬರಿ."

ಬರೆದೆವು. ಅಜ್ಜಿ ಹಳೆಯ ಟ್ರಂಕಿನಿಂದ ಒಂದು ಚಿಕ್ಕ ಪುಸ್ತಕ ತೆಗೆಯುತ್ತಾಳೆ. ಮೊಮ್ಮಗನಿಗೆ ಕೊಟ್ಟ ದುಡ್ಡನ್ನೆಲ್ಲ ಬರೆದಿಟ್ಟಿದ್ದಾಳೆ, ಅವನು ಬಂದ ಮೇಲೆ ತೋರಿಸಿ ನಗಿಸಬೇಕು ಅಂತ. ಅವನು ಪುಟ ತಿರುವುತ್ತಾನೆ. ಒಂದು ಕ್ಷಣ ಹಳೆಯ ಹುಡುಗನೇ ಕಾಣುತ್ತಾನೆ. ಆಮೇಲೆ ಕೋಟಿನ ಜೇಬಿನಿಂದ ನೋಟಿನ ಕಟ್ಟು ತೆಗೆದು, "ಬಡ್ಡಿ ಸೇರಿಸಿದ್ದೀನಿ ಅಜ್ಜಿ, ಲೆಕ್ಕ ಮುಗೀತು" ಅಂತ ಪುಸ್ತಕದ ಮೇಲಿಟ್ಟು ಎದ್ದು ಹೋಗುತ್ತಾನೆ.

ಆ ಸೀನಿನಲ್ಲಿ ಕಾರಿಲ್ಲ, ಸ್ಲೋ ಮೋಷನ್ ಇಲ್ಲ. ಆದರೆ ಮರುದಿನದ ಕಾಮೆಂಟ್‌ಗಳಲ್ಲಿ ಜನ ಅವನನ್ನು ಬೈಯಲು ಶುರುಮಾಡಿದ್ದರು. "ಅಜ್ಜಿಗೆ ಹಾಗೆ ಮಾಡ್ಬಾರ್ದಿತ್ತು." ವಿಲನ್ ಬಂದ ಅಂತ ನಮಗೆ ಗೊತ್ತಾಗಿದ್ದು ಆಗ. ಅವನು ಬದಲಾಗಿದ್ದಾನೆ ಅಂತ ಜನ ಒಪ್ಪಿದರು. ಮೊದಲು ಹೇಗಿದ್ದ ಅನ್ನುವುದನ್ನು ನಾವು ಮರೆಸಲು ಹೋಗದೆ, ಅದನ್ನೇ ಎದುರಿಗಿಟ್ಟೆವು ಅಲ್ವಾ, ಅದಕ್ಕೆ.

ಡಬ್ಲ್ಯುಡಬ್ಲ್ಯುಇ ಕೂಡ ಇದನ್ನು ಕಲಿಯಿತು ಅಂತ ನನಗೆ ಅನ್ನಿಸಿದ್ದು ಕೋಡಿ ರೋಡ್ಸ್ ಅನ್ನುವ ಕುಸ್ತಿಪಟು ವಾಪಸ್ ಬಂದಾಗ. 2014ರಲ್ಲಿ ಅವರಿಗೆ ಮುಖಕ್ಕೆ ಬಣ್ಣ ಹಚ್ಚಿ ಸ್ಟಾರ್‌ಡಸ್ಟ್ ಅನ್ನುವ ಪಾತ್ರ ಕೊಟ್ಟಿದ್ದರು. ಮತ್ತೆ ಕೋಡಿಯಾಗಿಯೇ ಆಡುತ್ತೇನೆ ಅಂದರೂ ಕಂಪನಿ ಒಪ್ಪಲಿಲ್ಲ ಅಂತ ಅವರೇ ಹೇಳಿ 2016ರಲ್ಲಿ ಹೊರಗೆ ಹೋದರು. 2018ರ ಸೆಪ್ಟೆಂಬರ್‌ನಲ್ಲಿ ಗೆಳೆಯರ ಜೊತೆ ಸೇರಿ ಚಿಕಾಗೊ ಹತ್ತಿರ ಆಲ್ ಇನ್ ಅನ್ನುವ ಕುಸ್ತಿ ಕಾರ್ಯಕ್ರಮ ಮಾಡಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿದರು. ಮರುವರ್ಷ ಶುರುವಾದ ಪ್ರತಿಸ್ಪರ್ಧಿ ಕುಸ್ತಿ ಕಂಪನಿ ಎಇಡಬ್ಲ್ಯುನ ಮುಖ್ಯಸ್ಥರಲ್ಲಿ ಒಬ್ಬರಾದರು. 2022ರ ಏಪ್ರಿಲ್ 2ರಂದು, ಮಯಾಮಿಯ ಆ ರಾತ್ರಿಗೆ ಸರಿಯಾಗಿ ಹತ್ತು ವರ್ಷಕ್ಕೆ, ರೆಸಲ್‌ಮೇನಿಯಾ 38ರಲ್ಲಿ ವಾಪಸ್ ಬಂದರು. ಹೊರಗೆ ತಾವೇ ಕಟ್ಟಿಕೊಂಡ ಹೆಸರು, ಹಾಡು, ವೇಷ, ಎಲ್ಲವನ್ನೂ ಹಾಗೇ ತಂದರು. ಎರಡು ದಿನದ ನಂತರ ರಾದಲ್ಲಿ ಕುಸ್ತಿಪಟುವೇ ಆಗಿದ್ದ ತಮ್ಮ ತಂದೆ ಡಸ್ಟಿ ರೋಡ್ಸ್ ಬಗ್ಗೆ, ಅವರಿಗೆ ಎಂದೂ ದಕ್ಕದ ಈ ಕಂಪನಿಯ ಚಾಂಪಿಯನ್ ಬೆಲ್ಟಿನ ಬಗ್ಗೆ ಮಾತಾಡಿದರು. ಆ ಒಂದು ಆಸೆಯ ಮೇಲೆ ಕಥೆ ಎರಡು ವರ್ಷ ನಡೆಯಿತು. 2024ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಆ ಬೆಲ್ಟ್ ಗೆದ್ದರು.

ಮ್ಯಾಟ್ ಬ್ಲೂಮ್ ವಿಷಯಕ್ಕೆ ಬಂದರೆ, ಅವರ ಮೇಲೆ ನನಗಿರುವ ಗೌರವ ಒಂದು ಚೂರೂ ಕಡಿಮೆಯಾಗಿಲ್ಲ. ಟೆನ್ಸಾಯ್ ಸೋತದ್ದು ಅವರು ಸರಿಯಾಗಿ ಮಾಡಲಿಲ್ಲ ಅಂತಲ್ಲ. ರಿಂಗ್ ಬಿಟ್ಟ ಮೇಲೆ ಅವರು ಒರ್ಲ್ಯಾಂಡೊದಲ್ಲಿರುವ ಕಂಪನಿಯ ತರಬೇತಿ ಕೇಂದ್ರ ಸೇರಿದರು. 2015ರಲ್ಲಿ ಅಲ್ಲಿಯ ಮುಖ್ಯ ತರಬೇತುದಾರರಾದರು. ಕೆಲಸ ಗೊತ್ತಿಲ್ಲದವರಿಗೆ ಆ ಕುರ್ಚಿ ಸಿಗುವುದಿಲ್ಲ. ನಮ್ಮಲ್ಲೂ ಹೀಗೇ. ವಾಪಸ್ ಬಂದ ಪಾತ್ರ ಬಿದ್ದರೆ "ಕಲಾವಿದರಿಗೆ ಮೊದಲಿನ ಖದರ್ ಇಲ್ಲ" ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಕೊಟ್ಟ ಸೀನು ಏನು ಅಂತ ಯಾರೂ ಕೇಳುವುದಿಲ್ಲ. ಇದು ನನಗೆ ಬಹಳ ನೋವು ಕೊಡುವ ವಿಷಯ.

ಈಗ ನಮ್ಮಲ್ಲಿ ಮತ್ತೊಂದು ಪಾತ್ರ ವಾಪಸ್ ಬರುವುದಿದೆ. ಈ ಸಲ ಹೆಣ್ಣುಮಗಳು, ಮನೆಯ ದೊಡ್ಡ ಸೊಸೆ. ಸಹಾಯಕ ಬರಹಗಾರರಿಬ್ಬರು ಅವಳ ಹಳೆಯ ಎಪಿಸೋಡ್‌ಗಳನ್ನು, ಅದರ ಕೆಳಗಿನ ಕಾಮೆಂಟ್‌ಗಳನ್ನು ಓದುತ್ತಾ ಕೂತಿದ್ದಾರೆ. ಜನಕ್ಕೆ ಅವಳ ಬಗ್ಗೆ ಏನು ನೆನಪಿದೆ, ಅವಳು ಹೋದಾಗ ಯಾವ ಪ್ರಶ್ನೆ ಕೇಳಿದ್ದರು ಅಂತ ಪಟ್ಟಿ ಮಾಡುತ್ತಿದ್ದಾರೆ. ಕಾಸ್ಟ್ಯೂಮ್ ಮೀಟಿಂಗ್ ಅದಾದ ಮೇಲೆ.