ಚೌಕಾಬಾರದ ಎಂಬತ್ತು ಗಂಟೆ

ಭಾನುವಾರ ಬೆಳಗಿನ ರೈಲಿಗೆ ಮಂಡ್ಯದಿಂದ ಬಂದ ಹುಡುಗ ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಜಗಲಿಯಲ್ಲಿ ಕೂತು, ಚೀಲದಿಂದ ಲ್ಯಾಪ್‌ಟಾಪ್ ತೆಗೆಯುವ ಮೊದಲೇ ವಿಷಯ ಎತ್ತಿದ.

"ಅಣ್ಣ, ನಮ್ಮ ಸೀನಿಯರ್ ಒಬ್ರು ಚೌಕಾಬಾರ ಗೇಮ್ ಮಾಡೋಣ ಅಂತಿದಾರೆ. ಚಿತ್ರ ಬರಿಯೋಕೆ ಒಬ್ಬ ಇದಾನೆ, ಮ್ಯೂಸಿಕ್‌ಗೆ ಒಬ್ಬ. ಕೋಡ್‌ಗೆ ನಾನೊಬ್ನೇ. ಈಗ ದುಡ್ಡಿಲ್ಲ, ಗೇಮ್‌ನಿಂದ ಬಂದಿದ್ರಲ್ಲಿ ಕಾಲು ಭಾಗ ಕೊಡ್ತಾರಂತೆ. ಎರಡು ವಾರಾಂತ್ಯದ ಕೆಲಸ. ಒಪ್ಕೊಳ್ಳಲಾ?"

ನಾನು ಬೇಡ ಎನ್ನಲಿಲ್ಲ. ದುಡ್ಡು ಬಾರದ ಕೆಲಸವೆಲ್ಲ ಕೆಟ್ಟದ್ದೇನಲ್ಲ, ಗೇಮ್ ಮಾಡುವುದನ್ನು ಎಷ್ಟೋ ಜನ ಹಾಗೇ ಕಲಿಯುತ್ತಾರೆ. ಆದರೆ ಎಷ್ಟು ಗಂಟೆ ಕೊಡುತ್ತಿದ್ದೇನೆಂದು ಗೊತ್ತಿಲ್ಲದೆ ಕೈ ಹಾಕಿದವರು ಪರೀಕ್ಷೆಯ ಹೊತ್ತಿಗೆ ಗೇಮನ್ನೂ ಬಿಡುತ್ತಾರೆ, ಗೆಳೆತನವನ್ನೂ ಕಳೆದುಕೊಳ್ಳುತ್ತಾರೆ. "ಮೊದಲು ಗಂಟೆ ಎಣಿಸೋಣ ಕಣಪ್ಪಾ. ಬಿಟ್ಟಿ ಮಾಡಬೇಕೋ ಬೇಡವೋ ಆಮೇಲೆ ನೀನೇ ಹೇಳು" ಎಂದು ಅವನು ಆಗಲೇ ಬರೆದಿದ್ದ ಕೋಡನ್ನೇ ತೆರೆಸಿದೆ.

ಚೌಕಾಬಾರದ ಮಣೆ ಐದಕ್ಕೆ ಐದು, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಕಾಯಿ ಹಣ್ಣಾಗುವ ಮನೆ ಒಂದು. ಹೊರಸುತ್ತು ಮುಗಿಸಿ ಒಳಗಿಳಿದ ಕಾಯಿ ದಿಕ್ಕು ಬದಲಿಸಿ ನಡೆಯುತ್ತದೆ. ಹುಡುಗ ನಾಲ್ಕು ಆಟಗಾರರ ನಾಲ್ಕು ದಾರಿಯನ್ನೂ ಕೈಯಲ್ಲೇ ಬರೆದಿದ್ದ, ನೂರು ಜೊತೆ ಅಂಕಿ. ಮೂರನೆಯವನ ದಾರಿಯಲ್ಲಿ ಒಂದು ಮನೆ ಎರಡು ಸಲ ಬಂದಿತ್ತು. ಕಾಯಿ ಅಲ್ಲಿಗೆ ಬಂದಾಗ ಒಂದು ಹೆಜ್ಜೆ ನುಂಗಿದಂತೆ ಕಾಣುತ್ತಿತ್ತು, ಕಾರಣ ಹುಡುಕಲು ಅವನಿಗೆ ಒಂದು ಸಂಜೆ ಹೋಗಿತ್ತಂತೆ. ಒಂದೇ ದಾರಿ ಬರೆದು ಉಳಿದ ಮೂರನ್ನು ಮಣೆ ತಿರುಗಿಸಿ ಪಡೆದರೆ ಈ ತಪ್ಪಿಗೆ ಜಾಗವೇ ಇರುವುದಿಲ್ಲ. ಮನೆಗಳನ್ನು ಅಡ್ಡಕ್ಕೂ ಉದ್ದಕ್ಕೂ 0ರಿಂದ 4ರವರೆಗೆ ಎಣಿಸಿಕೊಳ್ಳಿ. 4ರಲ್ಲಿ ಹಳೆಯ ಉದ್ದದ ಅಂಕಿ ಕಳೆದರೆ ಹೊಸ ಅಡ್ಡ ಅಂಕಿ, ಹಳೆಯ ಅಡ್ಡ ಅಂಕಿಯೇ ಹೊಸ ಉದ್ದದ ಅಂಕಿ. ಮೂರು ಸಲ ತಿರುಗಿಸಿದರೆ ಮೂರು ದಾರಿಯೂ ಸಿದ್ಧ.

ಕವಡೆಯಲ್ಲಿ ಇನ್ನೂ ದೊಡ್ಡ ತಪ್ಪಿತ್ತು. ನಾಲ್ಕು ಕವಡೆ ಹಾಕಿದರೆ ಬೀಳುವುದು 1, 2, 3, ಚೌಕಾ ಎಂದರೆ 4, ಬಾರಾ ಎಂದರೆ 8. ಈ ಐದರಲ್ಲಿ ಒಂದನ್ನು ಮನಬಂದಂತೆ ಆರಿಸು ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದ. ಹಾಗೆ ಮಾಡಿದರೆ ಐದು ಸಲಕ್ಕೊಮ್ಮೆ ಬಾರಾ ಬೀಳುತ್ತದೆ. ಒಂದೊಂದು ಕವಡೆಯನ್ನೂ ಬೇರೆಬೇರೆಯಾಗಿ ಬೀಳಿಸಿ ಬಾಯಿ ಮೇಲಾದವನ್ನು ಎಣಿಸಿದರೆ ಒಟ್ಟು 16 ಬಗೆ: ಒಂದು ಬೀಳುವುದು 4 ಬಗೆಯಲ್ಲಿ, ಎರಡು 6ರಲ್ಲಿ, ಮೂರು 4ರಲ್ಲಿ, ಚೌಕಾ 1ರಲ್ಲಿ, ಒಂದೂ ಮೇಲಾಗದಿದ್ದಾಗ ಬೀಳುವ ಬಾರಾ 1ರಲ್ಲಿ. ಚೌಕಾ ಬಾರಾ ಎರಡೂ ಸೇರಿ ಎಂಟು ಸಲಕ್ಕೊಮ್ಮೆ ಬೀಳಬೇಕಾದದ್ದು ಅವನ ಕೋಡಿನಲ್ಲಿ ಐದು ಸಲಕ್ಕೆ ಎರಡು ಸಲ ಬೀಳುತ್ತಿತ್ತು. ಎರಡಕ್ಕೂ ಇನ್ನೊಂದು ಗರ ಸಿಗುವುದರಿಂದ ಒಬ್ಬನೇ ಆಡುತ್ತಲೇ ಇರುತ್ತಿದ್ದ, ಉಳಿದವರು ನೋಡುತ್ತ ಕೂರಬೇಕಿತ್ತು. ನಿಜವಾದ ಕವಡೆ ನಾಣ್ಯದಂತೆ ಸರಿಸಮ ಬೀಳುವುದಿಲ್ಲ, ಬೆನ್ನು ಉಬ್ಬಾಗಿರುತ್ತದೆ. ಹಾಗಾಗಿ ಬಾಯಿ ಮೇಲಾಗುವ ಸಾಧ್ಯತೆಯನ್ನು 0.5 ಎಂದು ಬೇರೆಯಾಗಿ ಇಟ್ಟುಕೊಂಡು, ಆಡಿ ನೋಡಿ ತಿದ್ದುವುದು ಒಳ್ಳೆಯದು.

ಕವಡೆಯ ಮಾತು ಕೇಳಿ ಒಳಗಿನಿಂದ ಅಜ್ಜಿ ಡಬ್ಬಿ ತಂದರು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಮಣೆ ಬರೆದು ನಾವು ಮೂವರೂ ಒಂದಾಟ ಆಡಿದೆವು. ಹತ್ತು ನಿಮಿಷಕ್ಕೆ ಜಗಳ.

"ಒಂದು ಕಾಯಾದ್ರೂ ಹೊಡೀದೆ ಒಳಸುತ್ತಿಗೆ ಹೋಗೋ ಹಾಗಿಲ್ಲ ಮಗು."

"ನಮ್ಮೂರಲ್ಲಿ ಹೋಗ್ಬೋದು ಅಜ್ಜಿ."

ಜೋಡಿ ಕಾಯಿ ನಡೆಸಬಹುದೇ? ಕಾಯಿ ಹೊಡೆದರೆ ಇನ್ನೊಂದು ಗರ ಉಂಟೇ? ಹಣ್ಣಾಗಲು ಸರಿಯಾದ ಗರವೇ ಬೀಳಬೇಕೇ? ಮೊದಲ ಕಾಯಿ ಇಳಿಸಲು ಚೌಕಾ ಬಾರಾ ಬೇಕೇ? ಊಟದ ಹೊತ್ತಿಗೆ ಹಾಳೆಯ ಮೇಲೆ ಇಂಥ ಏಳು ಪ್ರಶ್ನೆಗಳಿದ್ದವು. ಇದೇ ಊರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟ, ಗಂಜೀಫಾ ಎಂಬ ಎಲೆಯಾಟಗಳ ಬಗೆಗಳನ್ನು ಬರಹಕ್ಕೆ ಇಳಿಸಿಟ್ಟರು. ಕೋಡ್ ಬರೆಯುವವನೂ ಆ ಕೆಲಸವನ್ನೇ ಮೊದಲು ಮಾಡಬೇಕು. ಜೋಡಿ ಕಾಯಿ ಎಂಬ ಒಂದು ನಿಯಮ ಆಮೇಲೆ ಬಂದು ಸೇರಿಕೊಂಡರೆ ಹೊಡೆಯುವ ಲೆಕ್ಕ, ದಾರಿ ಅಡ್ಡಗಟ್ಟುವ ಲೆಕ್ಕ, ಕಂಪ್ಯೂಟರ್ ಎದುರಾಳಿಯ ಯೋಚನೆ ಮೂರನ್ನೂ ತಿದ್ದಬೇಕು. ಕಡಿಮೆ ಎಂದರೂ ಆರು ಗಂಟೆ. ಹೇಳಿದವರಿಗೆ ಅದು ಒಂದು ಸಾಲಿನ ಮೆಸೇಜು.

ಊಟವಾದ ಮೇಲೆ ಗಂಟೆ ಎಣಿಸಿದೆವು. ಮಣೆ ಮತ್ತು ಕಾಯಿ ನಡೆಸುವುದಕ್ಕೆ 12, ಕವಡೆಗೆ 4, ನಿಯಮಗಳಿಗೆ 20, ಕಂಪ್ಯೂಟರ್ ಎದುರಾಳಿಗೆ 14, ಮೆನು, ಶಬ್ದ, ಆಟ ಉಳಿಸಿಡುವುದು ಇವಕ್ಕೆ 16, ನಾಲ್ಕಾರು ಫೋನಿನಲ್ಲಿ ಆಡಿಸಿ ತಪ್ಪು ತಿದ್ದುವುದಕ್ಕೆ 14. ಒಟ್ಟು 80. ಸೀನಿಯರ್ ಹೇಳಿದ್ದ ಆನ್‌ಲೈನ್ ಆಟ ಇದರಲ್ಲಿಲ್ಲ. ಅದು ಬಂದರೆ ಗರ ಹಾಕುವುದು ಫೋನಿನಿಂದ ಸರ್ವರ್‌ಗೆ ಹೋಗಬೇಕು, ಇಲ್ಲದಿದ್ದರೆ ಯಾರು ಬೇಕಾದರೂ ತಮಗೆ ಬೇಕಾದ ಬಾರಾ ಬೀಳಿಸಿಕೊಳ್ಳುತ್ತಾರೆ. ನೆಟ್‌ವರ್ಕ್ ಹೋದವನು ಮತ್ತೆ ಬಂದಾಗ ಅದೇ ಆಟಕ್ಕೆ ಸೇರಿಸಬೇಕು, ಬಾರದೇ ಇದ್ದರೆ ಉಳಿದವರನ್ನು ಎಷ್ಟು ಹೊತ್ತು ಕಾಯಿಸುವುದು ಎಂದು ತೀರ್ಮಾನಿಸಬೇಕು. ಇನ್ನೊಂದು ನೂರು ಗಂಟೆ ಹಿಡಿಯಿರಿ. ವಾರಕ್ಕೆ ಆರು ಗಂಟೆ ಕೊಡಬಲ್ಲ ವಿದ್ಯಾರ್ಥಿಗೆ ಆನ್‌ಲೈನ್ ಬಿಟ್ಟರೂ ಹದಿಮೂರು ವಾರಕ್ಕಿಂತ ಹೆಚ್ಚು, ಎಂದರೆ ಹೆಚ್ಚುಕಡಿಮೆ ಒಂದು ಸೆಮಿಸ್ಟರ್.

ಗಂಟೆಗೆ ಎಷ್ಟು? ಸಣ್ಣ ವೆಬ್‌ಸೈಟ್ ಕೆಲಸಕ್ಕೆ ಅವನು 200 ರೂಪಾಯಿ ಕೇಳುತ್ತಿದ್ದ. ಇದನ್ನೇ ಪೂರ್ತಿ ಕಸುಬು ಮಾಡಿಕೊಂಡು ತಿಂಗಳಿಗೆ 40,000 ಕೈಗೆ ಬರಬೇಕು ಎಂದರೆ ವರ್ಷಕ್ಕೆ 4,80,000. ಎಂಬತ್ತು ಸಾವಿರದ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 20,000. ಇಂಟರ್ನೆಟ್ಟು, ಯುಪಿಎಸ್‌ಗೆ 14,400, ಆರೋಗ್ಯ ವಿಮೆಗೆ 12,000, ಕೆಲಸವಿಲ್ಲದ ತಿಂಗಳಿಗೆಂದು 60,000. ಒಟ್ಟು 5,86,400. ವರ್ಷಕ್ಕೆ 240 ದಿನ ಕೆಲಸ, ದಿನಕ್ಕೆ ಬಿಲ್ ಹಾಕಬಹುದಾದದ್ದು ಐದೇ ಗಂಟೆ, ಉಳಿದದ್ದು ಮಾತುಕತೆ, ಇಮೇಲು, ಕೊಟೇಶನ್ನಿಗೆ ಹೋಗುತ್ತದೆ. 1,200 ಗಂಟೆಗೆ ಹಂಚಿದರೆ 489 ರೂಪಾಯಿ. ಹತ್ತರಲ್ಲೊಂದು ಬಿಲ್ಲು ಬಾರದೇ ಹೋಗುತ್ತದೆ ಎಂದುಕೊಂಡರೆ 543. 550 ಎಂದು ಬರೆದೆವು. ಸಂಬಳವನ್ನು ತಿಂಗಳ ಗಂಟೆಗಳಿಂದ ಭಾಗಿಸಿ ದರ ಇಡುವವರೆಲ್ಲ ಎಡವುವುದು ಆ ಐದು ಗಂಟೆಯ ಲೆಕ್ಕದಲ್ಲಿ. ಸಂಬಳದಾರನಿಗೆ ಮೀಟಿಂಗ್‌ಗೂ ದುಡ್ಡು ಬರುತ್ತದೆ, ಫ್ರೀಲ್ಯಾನ್ಸ್ ಮಾಡುವವನಿಗೆ ಬರುವುದಿಲ್ಲ.

80 ಗಂಟೆಗೆ 44,000. ಯಾರಾದರೂ ದುಡ್ಡು ಕೊಟ್ಟೇ ಮಾಡಿಸಿದರೆ ಮುಂಗಡ 13,200, ಆಡಲು ಬರುವ ಎಪಿಕೆ, ಎಂದರೆ ಫೋನಿಗೆ ಹಾಕಿಕೊಳ್ಳುವ ಆ್ಯಪ್ ಫೈಲು, ಕೊಟ್ಟಾಗ 17,600, ಸೋರ್ಸ್ ಕೋಡ್ ಕೊಡುವ ಮೊದಲು ಉಳಿದ 13,200. ಪರೀಕ್ಷಿಸಲು ಎಪಿಕೆ ಕೊಡಿ, ಕೊನೆಯ ಕಂತು ಖಾತೆಗೆ ಬೀಳುವವರೆಗೆ ಕೋಡ್ ಅದನ್ನು ಕೂಡಿಡುವ ನಿಮ್ಮ ರೆಪೊಸಿಟರಿಯಲ್ಲೇ ಇರಲಿ. ಕಂಪನಿಗೆ ಮಾಡುವ ಕೆಲಸವಾದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಟ್ಟುಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದ ಬಿಲ್ಲನ್ನು, ಒಪ್ಪಂದ ಏನೇ ಇದ್ದರೂ, 45 ದಿನ ಮೀರಿಸುವಂತಿಲ್ಲ. ಮೀರಿಸಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು.

ಈಗ ಕಾಲು ಭಾಗದ ವಿಚಾರ. ಗೇಮಿಗೆ 50 ರೂಪಾಯಿ ಇಟ್ಟು 500 ಜನ ಕೊಂಡರು ಎಂದುಕೊಳ್ಳಿ, 25,000 ಆಯಿತು. ಗೂಗಲ್ ಪ್ಲೇ 15 ಶೇಕಡ ಹಿಡಿದರೆ, ತೆರಿಗೆ ಬಿಟ್ಟು, ಉಳಿಯುವುದು 21,250. ಅದರ ಕಾಲು ಭಾಗ 5,312. ಗಂಟೆಗೆ 66 ರೂಪಾಯಿ. ಹೊಸಬರ ಗೇಮನ್ನು 500 ಜನ ದುಡ್ಡು ಕೊಟ್ಟು ಕೊಳ್ಳುವುದೇ ಕಷ್ಟ. ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಕಾಲು ಭಾಗ ಯಾವುದರಲ್ಲಿ, ಬಂದ ಒಟ್ಟು ಹಣದಲ್ಲೋ ಖರ್ಚು ಕಳೆದ ಮೇಲೋ, ಹಣ ಯಾರ ಖಾತೆಗೆ ಬೀಳುತ್ತದೆ, ಎಷ್ಟು ವರ್ಷ ಎಂಬುದನ್ನು ಅವನು ಕೇಳಿಯೇ ಇರಲಿಲ್ಲ.

"ಹಂಗಾದ್ರೆ ಮಾಡ್ಬಾರ್ದಾ ಅಣ್ಣ?"

ಮಾಡಬಹುದು, ಗಡಿ ಹಾಕಿಕೊಂಡು. ಗೊತ್ತುಮಾಡಿದ ಹೊತ್ತಿನೊಳಗೆ ಜನ ಸೇರಿ ಗೇಮ್ ಮಾಡುವ ಗ್ಲೋಬಲ್ ಗೇಮ್ ಜಾಮ್ 2009ರಿಂದ ನಡೆಯುತ್ತಿದೆ. ಅಲ್ಲಿ ಗೇಮ್ ಮಾಡಲು ಸಿಗುವುದು ಕೆಲವೇ ದಿನ, ಯಾರಿಗೂ ದುಡ್ಡಿಲ್ಲ, ಆದರೆ ಎಲ್ಲರೂ ಸಮ, ಎಲ್ಲರಿಗೂ ಮುಗಿಯುವ ಹೊತ್ತು ಗೊತ್ತು. ಬಿಟ್ಟಿ ಕೆಲಸ ಹದಗೆಡುವುದು ಮುಗಿಯುವ ದಿನ ಇಲ್ಲದಿದ್ದಾಗ, ಕೋಡ್ ಯಾರದು ಎಂದು ಬರೆದಿಡದಿದ್ದಾಗ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಯ ಸಾಲಿಗೇ ಸೇರುತ್ತದೆ. ಕಂಪನಿಯ ನೌಕರ ಬರೆದದ್ದು ಸಾಮಾನ್ಯವಾಗಿ ಕಂಪನಿಗೆ, ನೌಕರನಲ್ಲದವನು ಬರೆದದ್ದು ಬರೆದವನಿಗೇ. ಅದು ಇನ್ನೊಬ್ಬರದ್ದಾಗಬೇಕಾದರೆ ಸಹಿ ಹಾಕಿದ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ಕಾನೂನೇ ಭಾವಿಸುತ್ತದೆ. ಸೀನಿಯರ್ ಬಾಯಿಮಾತಲ್ಲಿ "ಗೇಮ್ ನಮ್ದು" ಎಂದರೆ ಹುಡುಗನ ಕೋಡ್ ಅವರದ್ದಾಗುವುದಿಲ್ಲ. ಚಿತ್ರಕಾರನ ಚಿತ್ರವೂ ಹಾಗೆಯೇ ಹುಡುಗನದ್ದಾಗುವುದಿಲ್ಲ ಎಂಬುದನ್ನು ಮರೆಯಬಾರದು.

ಚಿತ್ರದ ಮಾತು ಬಂದಾಗ ಅವನು ಫೋನ್ ತೋರಿಸಿದ. ಕವಡೆಯ ಸುತ್ತ ಬಿಳಿ ಚೌಕ. ಹಿನ್ನೆಲೆ ಪಾರದರ್ಶಕವಾಗಿದ್ದ ಪಿಎನ್‌ಜಿ ಫೈಲಿನ ಚಿತ್ರವನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದ್ದರು. ಹಾಗೆ ಕಳಿಸಿದರೆ ಅದು ಜೆಪಿಜಿ ಆಗುತ್ತದೆ, ಪಾರದರ್ಶಕತೆ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಬೇಕು. ಚಿತ್ರದ ಅಳತೆಯೋ 4096ಕ್ಕೆ 4096 ಪಿಕ್ಸೆಲ್! ಫೈಲ್ ಚಿಕ್ಕದಾಗಿ ಕಂಡರೂ ಪಿಕ್ಸೆಲ್ಲಿಗೆ ನಾಲ್ಕು ಬೈಟಿನಂತೆ ಫೋನಿನ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ ಅದು 64 ಎಂಬಿ. ಹೆಬ್ಬೆರಳಿನಷ್ಟು ಕಾಣುವ ಕವಡೆಗೆ 256 ಪಿಕ್ಸೆಲ್ ಧಾರಾಳ. ಅವರವರ ಕೆಲಸವನ್ನು ಯಾವ ಅಳತೆಯಲ್ಲಿ, ಯಾವ ಬಗೆಯ ಫೈಲಿನಲ್ಲಿ ಕೊಡಬೇಕೆಂದು ಮೊದಲೇ ಒಂದು ಸಾಲು ಬರೆದಿದ್ದರೆ ಹುಡುಗನಿಗೆ ಬಿಳಿ ಅಂಚು ಒರೆಸುತ್ತ ಮೂರು ಸಂಜೆ ಹೋಗುತ್ತಿರಲಿಲ್ಲ. ಕೋಡ್ ಬರೆಯುವವನ ಲೆಕ್ಕಕ್ಕೆ ಬಾರದ ಗಂಟೆಗಳು ಸೋರುವುದು ಬಹುಪಾಲು ಇಲ್ಲೇ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಪ್ಲೇ ಸ್ಟೋರಿನ ಖಾತೆ ಗೇಮ್ ಯಾರದೋ ಅವರ ಹೆಸರಲ್ಲೇ ಆಗಲಿ. ಒಂದೇ ಸಲದ ಶುಲ್ಕ 25 ಡಾಲರ್. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಜನ ಸತತ 14 ದಿನ ಪರೀಕ್ಷಾ ಪಟ್ಟಿಯಲ್ಲಿ ಇರಬೇಕು, ಆಮೇಲೆಯೇ ಎಲ್ಲರಿಗೂ ಬಿಡುಗಡೆ ಮಾಡಲು ಅರ್ಜಿ. ದಸರಾಕ್ಕೆ ಗೇಮ್ ಬಿಡುಗಡೆ ಎಂದು ಹೇಳಿಕೊಂಡವರು ಈ ಎರಡು ವಾರವನ್ನು ಹಿಂದಕ್ಕೆ ಎಣಿಸಿರಬೇಕು.

ಸಂಜೆ ರೈಲಿಗೆ ಹೊರಡುವ ಮೊದಲು ಹುಡುಗ ಸೀನಿಯರ್‌ಗೆ ಮೆಸೇಜ್ ಬರೆದ. ಎರಡು ಸಲ ಅಳಿಸಿ, ಮೂರನೆಯ ಸಲ ಅಜ್ಜಿಗೂ ಓದಿ ಹೇಳಿ ಕಳಿಸಿದ: "ಅಣ್ಣಾ, ದುಡ್ಡಿಲ್ದೆ 40 ಗಂಟೆ ಕೊಡ್ತೀನಿ, ಮುಂದಿನ ತಿಂಗಳ ಕೊನೇವರೆಗೆ. ಒಂದೇ ಫೋನಲ್ಲಿ ಇಬ್ರು ಆಡೋದು ಮಾತ್ರ, ಕಂಪ್ಯೂಟರ್ ಎದುರಾಳಿ, ಆನ್‌ಲೈನ್ ಎರಡೂ ಇಲ್ಲ. ಏಳು ನಿಯಮ ಕೆಳಗೆ ಬರ್ದಿದೀನಿ, ಹೌದು ಇಲ್ಲ ಅಂತ ಹೇಳಿ, ಆಮೇಲೆ ಬದಲಾಯಿಸೋದಾದ್ರೆ ಗಂಟೆಗೆ 550. ಕೋಡ್ ನನ್ನ ಹೆಸರಲ್ಲಿ ಎಂಐಟಿ ಲೈಸೆನ್ಸ್‌ನಲ್ಲಿ ಇರುತ್ತೆ, ಅಂದ್ರೆ ನನ್ನ ಹೆಸರು ಉಳಿಸ್ಕೊಂಡು ಯಾರು ಬೇಕಾದ್ರೂ ಬಳಸ್ಬೋದು, ನೀವೂ ಬಳಸ್ಬೋದು. ಚಿತ್ರ 256 ಪಿಕ್ಸೆಲ್, ಪಿಎನ್‌ಜಿ, ಡಾಕ್ಯುಮೆಂಟ್ ಆಗಿ ಕಳ್ಸಿ."

ಒಂಟಿಕೊಪ್ಪಲ್ ಕಡೆಯಿಂದ ಬಂದ ಆಟೊ ಹತ್ತುವಾಗ ಉತ್ತರ ಬಂತು. ಏಳರಲ್ಲಿ ಐದಕ್ಕೆ ಹೌದು. ಜೋಡಿ ಕಾಯಿ ಬೇಡವಂತೆ. ಹೊಡೆಯದೆ ಒಳಸುತ್ತಿಗೆ ಹೋಗಬಹುದೋ ಎಂಬುದನ್ನು ಮನೆಯಲ್ಲಿ ಕೇಳಿ ಹೇಳುತ್ತಾರಂತೆ.