ಹೊಡೆದ ಮೇಲೆ ಇದನ್ನ ಎಲ್ಲಿ ಎಸೀತೀರಿ?

ನಮ್ಮ ಹಾಲ್‌ನ ಗೋಡೆ ಮೇಲೆ ಮಲಿಕ್-ಎ-ಮೈದಾನ್ ತೋಪಿನ ದೊಡ್ಡ ಫೋಟೋ ಇದೆ. ವಿಜಯಪುರದವನು ಅಂದಮೇಲೆ ಗೋಳಗುಮ್ಮಟ ಹಾಕಬೇಕಿತ್ತು. ಆದರೆ ಸಣ್ಣವನಿದ್ದಾಗಿನಿಂದ ನನಗೆ ತೋಪೇ ಇಷ್ಟ. ಕಳೆದ ವಾರ ಮಗಳ ಜೊತೆ ಆಡೋಕೆ ಬಂದಿದ್ದ ಪಕ್ಕದ ಮನೆಯ ಹುಡುಗ ಅದರ ಮುಂದೆ ನಿಂತುಬಿಟ್ಟ. ತೆರೆದ ಸಿಂಹದ ಬಾಯಿ, ಕೋರೆಹಲ್ಲಿನ ನಡುವೆ ಸಿಕ್ಕಿಬಿದ್ದ ಆನೆ, ಎಲ್ಲ ನೋಡಿದ. ಆಮೇಲೆ ಕೇಳಿದ: "ಹೊಡೆದ ಮೇಲೆ ಇದನ್ನ ಎಲ್ಲಿ ಎಸೀತೀರಿ?"

ನಾನು ನಕ್ಕೆ. ಅವನು ನಗಲಿಲ್ಲ. ನಾವೀಗ ಇರೋ ಸ್ವೀಡನ್‌ನಲ್ಲಿ ಮಕ್ಕಳಿಗೆ ಯಾವ ಕಸ ಯಾವ ಡಬ್ಬಿಗೆ ಅನ್ನೋದು ಮಗ್ಗಿಗಿಂತ ಮೊದಲೇ ಬಾಯಿಪಾಠ. ಅದೂ ಅಲ್ದೆ ಅವನ ಅಕ್ಕ ಈಗ ಸೈನ್ಯದ ತರಬೇತಿಯಲ್ಲಿದ್ದಾಳೆ. ಸ್ವೀಡನ್ 2017ರಲ್ಲಿ ಕಡ್ಡಾಯ ಸೇವೆಯನ್ನು ವಾಪಸ್ ತಂದಾಗ ಹುಡುಗಿಯರನ್ನೂ ಸೇರಿಸಿತು. ಟ್ಯಾಂಕ್ ಹೊಡೆಯೋ ಕೊಳವೆಯೊಂದಿದೆ, ಒಂದೇ ಸಲ ಹೊಡೆದು ಬಿಸಾಕೋದು ಅಂತ ರಜೆಗೆ ಬಂದಾಗ ಹೇಳಿದ್ದಾಳೆ. ತೋಪು ಅಂದರೆ ಎಲ್ಲವೂ ಹಾಗೇ ಅಂದುಕೊಂಡಿದ್ದಾನೆ ಪಾಪ.

ನಾವಿರೋದು ಕಾರ್ಲ್‌ಸ್ಕೂಗಾದಲ್ಲಿ. ಹೆಸರು ಹೇಳಿದರೆ ಊರಲ್ಲಿ ಯಾರಿಗೂ ಗೊತ್ತಾಗಲ್ಲ. ಬೋಫೋರ್ಸ್ ಕಾರ್ಖಾನೆಯ ಊರು ಅಂದರೆ ಸಾಕು, ಕಟ್ಟೆ ಮೇಲೆ ಕೂತ ಹಿರಿಯರೆಲ್ಲ 1987ರ ಹಗರಣದಿಂದ ಶುರು ಮಾಡಿ ಕಾರ್ಗಿಲ್‌ವರೆಗೂ ಹೋಗ್ತಾರೆ. ಹುಡುಗ ಹೇಳಿದ ಕೊಳವೆಯೂ ಈ ಬೋಫೋರ್ಸ್ ಮನೆತನದ್ದೇ. ಹೊರಗಿನವರು ಅದನ್ನು ಎಟಿ-4 ಅಂತಾರೆ. ಒಂದು ಮೀಟರ್ ಉದ್ದ, 84 ಮಿ.ಮೀ. ಬಾಯಿ, ಏಳು ಕೆಜಿಗಿಂತ ಸ್ವಲ್ಪ ಕಮ್ಮಿ ತೂಕ. ಗುಂಡು ಕಾರ್ಖಾನೆಯಲ್ಲೇ ಒಳಗೆ ಕೂತು ಸೀಲ್ ಆಗಿರುತ್ತೆ. ಬಿಚ್ಚೋದಿಲ್ಲ, ತುಂಬೋದಿಲ್ಲ, ಎಣ್ಣೆ ಹಾಕೋದಿಲ್ಲ. ಹೆಗಲಿಗಿಟ್ಟು ಹೊಡೆದರೆ ಕೆಲಸ ಮುಗೀತು. ಇದಕ್ಕಾಗಿ ಬೇರೆ ತಂಡ ಬೇಡ. ರೈಫಲ್ ಹಿಡಿದ ಸಾಮಾನ್ಯ ಸಿಪಾಯಿಯೇ ಜೊತೆಗೊಂದು ಹೊತ್ತುಕೊಂಡು ಹೋಗಬಹುದು.

ಇಷ್ಟು ಸಣ್ಣ ಕೊಳವೆ ಉಕ್ಕಿನ ಟ್ಯಾಂಕನ್ನು ಹೇಗೆ ತೂತು ಮಾಡುತ್ತೆ ಅಂತ ಕೇಳಬಹುದು. ಗುಂಡಿನ ವೇಗದಿಂದ ಅಲ್ಲ. ಅದರ ಮೂತಿಯೊಳಗೆ ಲೋಹದ ಆಲಿಕೆಯೊಂದು ಇರುತ್ತೆ, ಸಾಮಾನ್ಯವಾಗಿ ತಾಮ್ರದ್ದು. ಹಿಂದಿನ ಮದ್ದು ಸಿಡಿದಾಗ ಆ ಆಲಿಕೆ ಒಳಮುಖ ಕುಸಿದು, ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದ ತೆಳ್ಳನೆ ಧಾರೆಯಾಗಿ ಚಿಮ್ಮುತ್ತೆ. ಉಕ್ಕನ್ನು ಕರಗಿಸುತ್ತೆ ಅಂತ ತುಂಬಾ ಜನ ಹೇಳ್ತಾರೆ. ಹಾಗಲ್ಲ, ಒತ್ತಡಕ್ಕೇ ಉಕ್ಕು ಪಕ್ಕಕ್ಕೆ ಸರಿದುಬಿಡುತ್ತೆ.

ಒಂದೇ ಸಲ ಹೊಡೆದು ಬಿಸಾಕೋ ಇಂಥ ಕೊಳವೆಯನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದವರು ಜರ್ಮನರು, 1943ರಲ್ಲಿ. ಪಾಂಜರ್‌ಫೌಸ್ಟ್ ಅಂತ ಹೆಸರು. ಅಮೆರಿಕದವರ ಬಜೂಕಾ ಅದಕ್ಕಿಂತ ಮೊದಲೇ ಇತ್ತು, ಆದರೆ ಅದು ಮತ್ತೆ ಮತ್ತೆ ತುಂಬಿ ಹೊಡೆಯುವಂಥದ್ದು. ಪಾಂಜರ್‌ಫೌಸ್ಟ್‌ನ ಮೊದಮೊದಲ ಮಾದರಿ ಸರಿಯಾಗಿ ಮುಟ್ಟುತ್ತಿದ್ದದ್ದು 30 ಮೀಟರ್ ಅಷ್ಟೇ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಈ ಕಡೆ ಗೋಡೆಯಿಂದ ಆ ಕಡೆ ಗೋಡೆಗೆ ಸುಮಾರು 38 ಮೀಟರ್. ಅದಕ್ಕಿಂತಲೂ ಹತ್ತಿರಕ್ಕೆ ಟ್ಯಾಂಕ್ ಬರೋವರೆಗೆ ಒಬ್ಬ ಮನುಷ್ಯ ಕಾಯಬೇಕು! 1945ರಲ್ಲಿ ಬರ್ಲಿನ್ ಬೀಳುವಾಗ ಮುದುಕರ ಕೈಗೆ, ಶಾಲೆ ಹುಡುಗರ ಕೈಗೆ ಇದನ್ನೇ ಕೊಟ್ಟು ನಿಲ್ಲಿಸಿದರು. ಸೈಕಲ್ ಹ್ಯಾಂಡಲ್‌ಗೆ ಎರಡು ಪಾಂಜರ್‌ಫೌಸ್ಟ್ ಕಟ್ಟಿಕೊಂಡ ಹುಡುಗರ ಫೋಟೋಗಳಿವೆ. ನೋಡಿದರೆ ಹೊಟ್ಟೆ ತೊಳಸುತ್ತೆ. ಯಾರು ಬೇಕಾದರೂ ಹೊಡೆಯಬಹುದಾದ ಆಯುಧ ಅಂದರೆ, ಯಾರನ್ನು ಬೇಕಾದರೂ ಮುಂದೆ ತಳ್ಳಬಹುದು ಅಂತಾನೂ ಆಯ್ತಲ್ವಾ?

ಆಮೇಲೆ 60ರ ದಶಕದಲ್ಲಿ ಅಮೆರಿಕದವರ ಇಂಥದ್ದೇ ಕೊಳವೆ ಎಂ-72 ಬಂತು, 70ರ ದಶಕದಲ್ಲಿ ರಷ್ಯನ್ನರೂ ತಮ್ಮದನ್ನು ಮಾಡಿಕೊಂಡರು. ನಮ್ಮ ಬೀದಿಯಲ್ಲಿ ಜನ ನೆನಪಿಟ್ಟುಕೊಂಡಿರೋದು ಮಾತ್ರ 2022ರ ಫೆಬ್ರವರಿ 27. ಅವತ್ತು ಸ್ವೀಡನ್ 5,000 ಎಟಿ-4ಗಳನ್ನು ಉಕ್ರೇನ್‌ಗೆ ಕೊಡ್ತೀವಿ ಅಂತ ಘೋಷಿಸಿತು. ಯುದ್ಧ ನಡೆಯುತ್ತಿರೋ ದೇಶಕ್ಕೆ ಹೀಗೆ ಆಯುಧ ಕೊಟ್ಟಿದ್ದು 1939ರಲ್ಲಿ ಫಿನ್‌ಲೆಂಡ್ ಮೇಲೆ ಸೋವಿಯತ್ ದಾಳಿ ಆದ ನಂತರ ಅದೇ ಮೊದಲು.

ಹುಡುಗ ಹೋದ ಮೇಲೆ ಫೋಟೋ ನೋಡ್ತಾ ಕೂತೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ತೋಪು. 55 ಟನ್. 400 ಎತ್ತು, 10 ಆನೆ ಕಟ್ಟಿ ಎಳೆದು ತಂದರು ಅಂತ ಗೈಡ್ ಹೇಳ್ತಾನೆ. ಹೊಡೆಯೋನು ಬತ್ತಿ ಹಚ್ಚಿ, ಸದ್ದಿಗೆ ಕಿವಿ ಹರಿಯದಿರಲಿ ಅಂತ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಅಂತಾನೂ ಹೇಳ್ತಾನೆ. 1686ರಲ್ಲಿ ಔರಂಗಜೇಬ ಊರು ಗೆದ್ದಾಗ ಈ ತೋಪು ಅಲ್ಲೇ ಇತ್ತು ಅಂತ ಮಾತ್ರ ಯಾವ ಗೈಡೂ ನನಗೆ ಹೇಳಲಿಲ್ಲ. ನಮಗೆ ತೂಕ ಎಷ್ಟು ಅನ್ನೋದೇ ಹೆಮ್ಮೆ. ಇಷ್ಟೆಲ್ಲ ಹೆಮ್ಮೆಯ ತೋಪನ್ನು 1854ರಲ್ಲಿ ಬ್ರಿಟಿಷರು ಹರಾಜಿಗೂ ಇಟ್ಟಿದ್ದರು. ಬಂದ ಬೆಲೆ 150 ರೂಪಾಯಿ. ಕೊನೆಗೆ ಮಾರಾಟ ರದ್ದಾಯ್ತು. ಅಂದರೆ ಇದನ್ನೂ ಬಿಸಾಕೋಕೆ ಒಂದು ಕೈ ನೋಡಿದ್ದರು!

ರಾತ್ರಿ ಬೆಳಗಾವಿಯ ಕಾಕಾಗೆ ಫೋನ್ ಮಾಡಿದೆ. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಅವರೂ ಸ್ವೀಡನ್ ಮೂಲದ್ದೇ ಒಂದನ್ನು ಹೊತ್ತವರು, ಕಾರ್ಲ್ ಗುಸ್ತಾಫ್ ರಾಕೆಟ್ ಲಾಂಚರ್. ಅದೂ 84 ಮಿ.ಮೀ. ಆದರೆ ಮತ್ತೆ ಮತ್ತೆ ತುಂಬೋದು, ಇಬ್ಬರು ಬೇಕು. 2022ರಲ್ಲಿ ನಮ್ಮ ಸೇನೆಯೂ ಎಟಿ-4 ಆರಿಸಿಕೊಂಡಿದೆ ಅಂದೆ. ಕಾಕಾಗೆ ಮೊದಲು ಹಿಡಿಸಲಿಲ್ಲ.

"ಒಂದ ಸಲಕ್ಕ ಒಗಿಯೂದಂದ್ರ ಹುಡುಗರು ಕಲಿಯೂದು ಹೆಂಗೋ ತಮ್ಮಾ?"

ಕಲಿಯೋಕೆ ಬೇರೆ ಕೊಳವೆ ಇದೆ, ಒಳಗೆ 9 ಮಿ.ಮೀ. ಗುಂಡು ಹಾಕಿ ಎಷ್ಟು ಸಲ ಬೇಕಾದರೂ ಹೊಡೆಯಬಹುದು ಅಂದೆ.

"ಮತ್ತ ಹಿಂದ? ಹಿಂದ ನಿಂತಾಂವ ಸತ್ತಾ ಅಂತನ ತಿಳಿ. ಬೆಂಕಿ ಅಷ್ಟೂ ಹಿಂದಕ್ಕ ಹೊಡಿತೈತಿ. ನಾವು ಹಿಂದ ನೋಡದ ಕುದುರಿ ಒತ್ತತಿರಲಿಲ್ಲ."

ಅದಕ್ಕೂ ದಾರಿ ಹುಡುಕಿದ್ದಾರೆ, ಕೋಣೆಯೊಳಗಿಂದ ಹೊಡೆಯೋ ಮಾದರಿಯಲ್ಲಿ ಹಿಂದೆ ಉಪ್ಪುನೀರು ತುಂಬಿರ್ತಾರೆ, ಆ ನೀರು ಹಿಂದಕ್ಕೆ ಚಿಮ್ಮಿ ಹೊಡೆತದ ಜೋರನ್ನು ತಗ್ಗಿಸುತ್ತೆ ಅಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ನಿದ್ದರು. ತೂಕ ಎಷ್ಟು ಅಂತ ಕೇಳಿದರು. ಸಾದಾ ಎಟಿ-4 ಏಳು ಕೆಜಿ ಒಳಗೆ, ಈ ಉಪ್ಪುನೀರಿನದ್ದು ಅದಕ್ಕಿಂತ ಸ್ವಲ್ಪ ಹೆಚ್ಚು ಅಂದೆ.

"ನಮ್ಮದು ಹದಿನಾಕ್ ಕೆಜಿ ಇತ್ತು. ಗುಂಡಿನ ತೂಕ ಬ್ಯಾರೆ. ಹೋಗ್ಲಿ ಬಿಡು, ಈಗಿನ ಹುಡುಗರ ಮೊಣಕಾಲರ ಉಳೀತಾವು."